ವಿಎಚ್‌ಎಸ್ ಕ್ಯಾಸೆಟ್‌ಗಳ ಡಿಜಿಟಲೀಕರಣ

ವಿಎಚ್‌ಎಸ್ ಕ್ಯಾಸೆಟ್‌ಗಳ ಡಿಜಿಟಲೀಕರಣ ಎಂದರೆ ಕಾಂತೀಯ ಟೇಪಿನಲ್ಲಿ ಅನಲಾಗ್ ರೂಪದಲ್ಲಿ ದಾಖಲಾಗಿರುವ ದೃಶ್ಯ ಮತ್ತು ಧ್ವನಿಯನ್ನು ಗಣಕದ ಕಡತವನ್ನಾಗಿ ಪರಿವರ್ತಿಸುವ ಕಾರ್ಯ. 1980 ಮತ್ತು 1990ರ ದಶಕಗಳಲ್ಲಿ ಚಿತ್ರೀಕರಿಸಲಾದ ಮದುವೆ, ನಾಮಕರಣ ಮೊದಲಾದ ಮನೆಯ ಸಮಾರಂಭಗಳ ಕ್ಯಾಸೆಟ್‌ಗಳಿಗೆ ಅನೇಕ ವೇಳೆ ಎರಡನೆಯ ಪ್ರತಿ ಇರುವುದಿಲ್ಲ. ಚಿತ್ರದ ಗುಣಮಟ್ಟವು ಬಹುಮಟ್ಟಿಗೆ ಟೇಪನ್ನು ಚಲಾಯಿಸುವ ಹಂತದಲ್ಲಿಯೇ ನಿರ್ಧಾರವಾಗುತ್ತದೆ. ಅಲ್ಲಿ ನಷ್ಟವಾದ ವಿವರವನ್ನು ಅನಂತರ ಯಾವ ತಂತ್ರಾಂಶವೂ ಯಥಾವತ್ತಾಗಿ ಮರಳಿ ಕೊಡಲಾರದು.

ಹಿನ್ನೆಲೆ

ಜಪಾನಿನ ಜೆವಿಸಿ ಸಂಸ್ಥೆಯು 1976ರಲ್ಲಿ ವಿಎಚ್‌ಎಸ್ ಪದ್ಧತಿಯನ್ನು ಮಾರುಕಟ್ಟೆಗೆ ತಂದಿತು. ಇದರ ಟೇಪಿನ ಅಗಲ 12.7 ಮಿಲಿಮೀಟರ್. ಅಡ್ಡಸಾಲಿನಲ್ಲಿ ಸುಮಾರು 240 ಗೆರೆಗಳಷ್ಟು ವಿವರ ಮಾತ್ರ ಇದರಲ್ಲಿ ದಾಖಲಾಗುತ್ತದೆ. ಬಣ್ಣದ ವಿವರ ಇನ್ನೂ ಕಡಿಮೆ. 2016ರಲ್ಲಿ ಜಪಾನಿನ ಫುನಾಯ್ ಸಂಸ್ಥೆಯು ವಿಸಿಆರ್ ತಯಾರಿಕೆಯನ್ನು ನಿಲ್ಲಿಸಿದ ಮೇಲೆ ಹಳೆಯ ಯಂತ್ರಗಳೇ ಗತಿಯಾಗಿವೆ. ಆದ್ದರಿಂದ ಟೇಪು ಕೆಡುವುದರ ಜೊತೆಗೆ ಅದನ್ನು ಚಲಾಯಿಸುವ ಯಂತ್ರ ದೊರೆಯದಿರುವುದೂ ದೊಡ್ಡ ಅಪಾಯವಾಗಿದೆ.

ಟೇಪಿನ ಸಿದ್ಧತೆ

ಕರಾವಳಿ ಮತ್ತು ಮಲೆನಾಡಿನಂತಹ ತೇವಾಂಶ ಹೆಚ್ಚಿರುವ ಪ್ರದೇಶಗಳಲ್ಲಿ ಟೇಪಿಗೆ ಬೂಷ್ಟು ಹಿಡಿಯುವ ಸಂಭವ ಹೆಚ್ಚು. ಕ್ಯಾಸೆಟ್ಟಿನ ಕಿಟಕಿಯ ಮೂಲಕ ನೋಡಿದಾಗ ಸುರುಳಿಯ ಮೇಲೆ ಬಿಳಿಯ ಪುಡಿ ಕಂಡುಬಂದರೆ ಅದನ್ನು ಸ್ವಚ್ಛಗೊಳಿಸದೆ ಯಂತ್ರಕ್ಕೆ ಹಾಕಬಾರದು. ಬೂಷ್ಟು ಹೆಡ್ಡಿಗೆ ಅಂಟಿ, ಮುಂದೆ ಹಾಕುವ ಕ್ಯಾಸೆಟ್‌ಗಳಿಗೂ ಹರಡುತ್ತದೆ. ಕ್ಯಾಸೆಟ್ಟಿನ ಬೆನ್ನಿನಲ್ಲಿರುವ ರಕ್ಷಣಾ ಚೂರನ್ನು ಮುರಿದು ತೆಗೆದರೆ ಹಳೆಯ ದೃಶ್ಯದ ಮೇಲೆ ತಪ್ಪಿ ಹೊಸ ದಾಖಲೆಯಾಗುವುದು ತಪ್ಪುತ್ತದೆ. ಬಹುಕಾಲ ಬಳಸದ ಟೇಪನ್ನು ಒಮ್ಮೆ ಕೊನೆಯವರೆಗೆ ಓಡಿಸಿ ಹಿಂದಕ್ಕೆ ಸುತ್ತಿದರೆ ಅದರ ಬಿಗಿತ ಸಮವಾಗುತ್ತದೆ.

ವಿಸಿಆರ್ ಮತ್ತು ಜೋಡಣೆ

ಹೆಡ್ಡುಗಳನ್ನು ಐಸೊಪ್ರೊಪೈಲ್ ಆಲ್ಕೊಹಾಲಿನಿಂದ ಶುಚಿಗೊಳಿಸುತ್ತಾರೆ. ಒರೆಸುವ ಚರ್ಮದ ತುಂಡನ್ನು ಅಲುಗಿಸದೆ ಹಿಡಿದು ಡ್ರಮ್ಮನ್ನು ಕೈಯಿಂದ ತಿರುಗಿಸಬೇಕು. ಮೇಲಿನಿಂದ ಕೆಳಕ್ಕೆ ಉಜ್ಜಿದರೆ ಹೆಡ್ಡು ಮುರಿಯಬಹುದು. ಚಿತ್ರದಲ್ಲಿ ಅಡ್ಡಪಟ್ಟಿಗಳು ಕಂಡರೆ ಪ್ರತಿ ಕ್ಯಾಸೆಟ್ಟಿಗೂ ಟ್ರ್ಯಾಕಿಂಗನ್ನು ಪ್ರತ್ಯೇಕವಾಗಿ ಹೊಂದಿಸಬೇಕಾಗುತ್ತದೆ.

ವಿಎಚ್‌ಎಸ್ ಟೇಪಿನಲ್ಲಿ ಬೆಳಕಿನ ಮತ್ತು ಬಣ್ಣದ ಸಂಕೇತಗಳು ಬೇರೆ ಬೇರೆ ಆವರ್ತನಗಳಲ್ಲಿ ಇರುತ್ತವೆ. ಹಳದಿ ಬಣ್ಣದ ಕಾಂಪೋಸಿಟ್ ತಂತಿಯು ಇವೆರಡನ್ನೂ ಬೆರೆಸಿ ಒಯ್ಯುತ್ತದೆ. ಎಸ್-ವಿಡಿಯೋ ತಂತಿಯು ಪ್ರತ್ಯೇಕವಾಗಿ ಒಯ್ಯುವುದರಿಂದ ಅಂಚುಗಳಲ್ಲಿ ಬಣ್ಣದ ಮಿನುಗು ಕಡಿಮೆಯಾಗುತ್ತದೆ. ಟೇಪಿನ ವೇಗದ ಏರಿಳಿತದಿಂದ ನೇರ ಗೆರೆಗಳು ಡೊಂಕಾಗಿ ಅಲುಗುತ್ತವೆ. ಪ್ರತಿ ಗೆರೆಯ ಕಾಲವನ್ನು ಸರಿಪಡಿಸುವ ಟೈಮ್ ಬೇಸ್ ಕರೆಕ್ಟರ್ ಎಂಬ ಮಂಡಲವು ಈ ದೋಷವನ್ನು ನಿವಾರಿಸುತ್ತದೆ. ಉತ್ತಮ ದರ್ಜೆಯ ಕೆಲವು ವಿಸಿಆರ್‌ಗಳಲ್ಲಿ ಇದು ಒಳಗೇ ಇರುತ್ತದೆ.

ಕಡತದ ಸ್ವರೂಪ

ಭಾರತದ ಪ್ಯಾಲ್ ಪದ್ಧತಿಯಲ್ಲಿ ಸೆಕೆಂಡಿಗೆ 25 ಚೌಕಟ್ಟುಗಳಿದ್ದು, ಪ್ರತಿಯೊಂದೂ ಸರಿ ಮತ್ತು ಬೆಸ ಗೆರೆಗಳ ಎರಡು ಭಾಗಗಳಿಂದ ಹೆಣೆದುಕೊಂಡಿರುತ್ತದೆ. ಇದಕ್ಕೆ 720×576 ಗಾತ್ರ ಸಾಕು. ಅದಕ್ಕಿಂತ ದೊಡ್ಡ ಗಾತ್ರದಲ್ಲಿ ದಾಖಲಿಸಿದರೆ ಹೊಸ ವಿವರವೇನೂ ಸೇರುವುದಿಲ್ಲ. ಅಮೆರಿಕದ ಬಂಧುಗಳು ಕಳುಹಿಸಿದ ಕ್ಯಾಸೆಟ್‌ಗಳು ಎನ್‌ಟಿಎಸ್‌ಸಿ ಪದ್ಧತಿಯಲ್ಲಿರುವುದು ಸಾಮಾನ್ಯ. ಅವುಗಳಿಗೆ ಆ ಪದ್ಧತಿಯನ್ನು ಬೆಂಬಲಿಸುವ ವಿಸಿಆರ್ ಅಗತ್ಯ.

ಬೆಳಕಿನ ಮಟ್ಟವನ್ನು ದಾಖಲಿಸುವ ಮೊದಲೇ ಪರೀಕ್ಷಿಸಬೇಕು. ಮದುವೆಮನೆಯ ಪ್ರಖರ ದೀಪದಲ್ಲಿ ತೆಗೆದ ದೃಶ್ಯಗಳಲ್ಲಿ ಬಿಳಿಯ ಮಟ್ಟ ಮಿತಿ ಮೀರಿದರೆ ಪಂಚೆಯ ನೆರಿಗೆ, ಮಲ್ಲಿಗೆಯ ಎಸಳು ಎಲ್ಲವೂ ಒಂದೇ ಬಿಳುಪಿನಲ್ಲಿ ಮುಳುಗುತ್ತವೆ.

ಮೂಲ ಕಡತಕ್ಕೆ ಎಫ್‌ಎಫ್‌ವಿ1 ಅಥವಾ ಹಫ್‌ವೈಯುವಿಯಂತಹ ನಷ್ಟರಹಿತ ಸಂಕೋಚನ ಸೂಕ್ತ. ಸಂಕೋಚನವೇ ಇಲ್ಲದ 8 ಬಿಟ್ ದೃಶ್ಯಕ್ಕೆ ಗಂಟೆಗೆ ಸುಮಾರು 75 ಗಿಗಾಬೈಟ್ ಜಾಗ ಬೇಕಾಗುತ್ತದೆ. ನಷ್ಟರಹಿತ ಸಂಕೋಚನದಿಂದ ಅದು ಗಣನೀಯವಾಗಿ ತಗ್ಗುತ್ತದೆ. ಹೆಣೆದ ಗೆರೆಗಳನ್ನು ಮೂಲ ಕಡತದಲ್ಲಿ ಹಾಗೆಯೇ ಉಳಿಸಿಕೊಳ್ಳಬೇಕು. ಗೆರೆಗಳನ್ನು ಬಿಡಿಸುವುದು, ಅಂಚು ಕತ್ತರಿಸುವುದು, ಬಣ್ಣ ತಿದ್ದುವುದು ಇವೆಲ್ಲವನ್ನೂ ವೀಕ್ಷಣೆಗಾಗಿ ಸಿದ್ಧಪಡಿಸುವ ಪ್ರತಿಯಲ್ಲಿ ಮಾತ್ರ ಮಾಡುವುದು ಒಳ್ಳೆಯದು. ಗೆರೆಗಳನ್ನು ಬಿಡಿಸುವಾಗ ಸೆಕೆಂಡಿಗೆ 50 ಚೌಕಟ್ಟುಗಳನ್ನಾಗಿ ಮಾಡಿದರೆ ಚಲನೆಯ ಸಹಜತೆ ಉಳಿಯುತ್ತದೆ.

ಸಂರಕ್ಷಣೆ

ಮೂಲ ಕಡತದ ಎರಡು ಪ್ರತಿಗಳನ್ನು ಎರಡು ಬೇರೆ ಸ್ಥಳಗಳಲ್ಲಿ ಇಡಬೇಕು. ಡಿಜಿಟಲೀಕರಣ ಮುಗಿದ ನಂತರವೂ ಕ್ಯಾಸೆಟ್ಟನ್ನು ಎಸೆಯಬಾರದು. ಅದನ್ನು ಪೂರ್ಣವಾಗಿ ಸುತ್ತಿ, ಪುಸ್ತಕದಂತೆ ನೆಟ್ಟಗೆ ನಿಲ್ಲಿಸಿ, ತಂಪಾದ ಒಣ ಜಾಗದಲ್ಲಿ ಇರಿಸಿದರೆ, ಮುಂದೆ ಇನ್ನೂ ಉತ್ತಮ ಯಂತ್ರ ಕೈಗೆ ಸಿಕ್ಕಾಗ ಮತ್ತೊಮ್ಮೆ ಪ್ರಯತ್ನಿಸಲು ಅವಕಾಶವಿರುತ್ತದೆ.