ಅಂಗೈಯಗಲದ ವಿಮಾನಕ್ಕೆ ಮೂವತ್ತೆಂಟು ಗಂಟೆ

ಸ್ಪಿಟ್‌ಫೈರ್ ವಿಮಾನದ ಮಾಡೆಲ್ ಕಿಟ್‌ನ ಪೆಟ್ಟಿಗೆಯಲ್ಲಿ ಅದರ ಒಡಲು ಎರಡು ಹೋಳಾಗಿ ಬರುತ್ತದೆ, ಎಡ ಮಗ್ಗುಲು ಮತ್ತು ಬಲ ಮಗ್ಗುಲು. ಕಡಲೆಕಾಯಿ ಸಿಪ್ಪೆಯನ್ನು ಮತ್ತೆ ಮುಚ್ಚುವ ಹಾಗೆ ಅವೆರಡನ್ನು ಕೂಡಿಸಿ, ಕುಂಚದ ತುದಿಯಿಂದ ಅಂಚಿಗೆ ಅಂಟು ಮುಟ್ಟಿಸಿದರೆ ಸಾಕು, ಅದು ಸಂದಿನುದ್ದಕ್ಕೂ ತಾನೇ ಹರಿದುಕೊಂಡು ಹೋಗುತ್ತದೆ. ಅಂಟು ಎನ್ನುವುದು ರೂಢಿಯ ಮಾತು. ನಿಜಕ್ಕೂ ಅದು ಪ್ಲಾಸ್ಟಿಕ್ಕನ್ನು ಕರಗಿಸುವ ದ್ರವ. ಎರಡೂ ಅಂಚುಗಳು ಕರಗಿ, ಒಂದರೊಳಗೊಂದು ಬೆರೆತು ಗಟ್ಟಿಯಾಗುತ್ತವೆ. ಬೆರಳಿನಿಂದ ಮೆಲ್ಲಗೆ ಒತ್ತಿದರೆ ಕರಗಿದ ಪ್ಲಾಸ್ಟಿಕ್ಕು ಗದ್ದೆಯ ಬದುವಿನಂತೆ ಸಣ್ಣಗೆ ಉಬ್ಬಿ ಬರುತ್ತದೆ. ಒಂದು ರಾತ್ರಿ ಬಿಟ್ಟು, ಮರುದಿನ ಆ ಉಬ್ಬನ್ನು ಉಪ್ಪುಕಾಗದದಿಂದ ಉಜ್ಜಬೇಕು. ಮೊದಲು ಒರಟು ಕಾಗದ, ಆಮೇಲೆ ನಯವಾದದ್ದು, ಕೊನೆಗೆ ನೀರಲ್ಲಿ ಅದ್ದಿದ ಅತಿ ನಯವಾದದ್ದು. ಕಿಟಕಿಯ ಬೆಳಕಿಗೆ ಹಿಡಿದು ನೋಡಿದಾಗ ಎಲ್ಲೋ ಒಂದು ಕಡೆ ಕೂದಲೆಳೆಯಷ್ಟು ಗೆರೆ ಉಳಿದಿರುತ್ತದೆ. ಅಲ್ಲಿಗೆ ಪುಟ್ಟಿ ತುಂಬಬೇಕು, ಮತ್ತೆ ಒಣಗಿಸಬೇಕು, ಮತ್ತೆ ಉಜ್ಜಬೇಕು.

ಕಳೆದ ಮಳೆಗಾಲದಲ್ಲಿ ಈ ಕೆಲಸಕ್ಕೆ ಎಷ್ಟು ಹೊತ್ತು ಹೋಗುತ್ತದೆಂದು ನಾನು ಲೆಕ್ಕ ಬರೆದಿಟ್ಟೆ. ಭಾಗಗಳನ್ನು ಕತ್ತರಿಸಿ ಅಂಟಿಸಿದ್ದಕ್ಕೆ ಆರು ಗಂಟೆ. ಮುಗಿದ ಮೇಲೆ ಕಣ್ಣಿಗೆ ಬೀಳುವುದೇ ಅಪರೂಪವಾದ ಚಾಲಕನ ಗೂಡಿಗೆ ಏಳು. ಸಂದು ಮುಚ್ಚಿ ಉಜ್ಜಿದ್ದಕ್ಕೆ ಒಂಬತ್ತು. ಬಣ್ಣಕ್ಕೆ ಹನ್ನೊಂದು. ಗುರುತಿನ ಚಿತ್ರಗಳನ್ನು ಅಂಟಿಸಿ, ಹೊಗೆ ಮಸಿ ಹಿಡಿಸಿದ್ದಕ್ಕೆ ಐದು. ಒಟ್ಟು ಮೂವತ್ತೆಂಟು ಗಂಟೆ, ಏಳು ವಾರಗಳ ಮೇಲೆ ಹರಡಿದ್ದು. ಕೈಗೆ ಬಂದ ವಿಮಾನದ ರೆಕ್ಕೆಯಗಲ ಹದಿನೈದೂವರೆ ಸೆಂಟಿಮೀಟರ್.

ಅಣ್ಣನ ಮಗಳು ಅದನ್ನು ಅಂಗೈ ಮೇಲಿಟ್ಟುಕೊಂಡು ಕೇಳಿದಳು, “ಚಿಕ್ಕಪ್ಪಾ, ಇದು ಅಂಗಡೀಲಿ ರೆಡಿಯಾಗಿರೋದೇ ಸಿಗಲ್ವಾ?”

ಸಿಗುತ್ತದೆ. ಆದರೆ ಅವಳ ಪ್ರಶ್ನೆಗೆ ಸರಿಯಾದ ಉತ್ತರ ಹೇಳಬೇಕಾದರೆ ಇಂಗ್ಲೆಂಡಿನ ಒಂದು ಟ್ರ್ಯಾಕ್ಟರ್‌ನಿಂದ ಶುರುಮಾಡಬೇಕು.

ನಿಕೋಲಸ್ ಕೋವ್ ಎಂಬ ಹಂಗೇರಿಯ ಉದ್ಯಮಿ 1939ರಲ್ಲಿ ಲಂಡನ್ನಿನಲ್ಲಿ ಗಾಳಿ ತುಂಬುವ ರಬ್ಬರ್ ಆಟಿಕೆಗಳ ಕಂಪನಿ ತೆರೆದ. ವ್ಯಾಪಾರದ ಪಟ್ಟಿಗಳಲ್ಲಿ ಅಕ್ಷರಾನುಕ್ರಮದಲ್ಲಿ ಮೊದಲೇ ಕಾಣಲೆಂದು ಅದಕ್ಕೆ ಏರ್‌ಫಿಕ್ಸ್ ಎಂದು ಹೆಸರಿಟ್ಟ. ಯುದ್ಧ ಮುಗಿದ ಮೇಲೆ ಕಂಪನಿ ಪ್ಲಾಸ್ಟಿಕ್ ಬಾಚಣಿಗೆಗೆ ಇಳಿಯಿತು. ಕರಗಿದ ಪ್ಲಾಸ್ಟಿಕ್ಕನ್ನು ಉಕ್ಕಿನ ಅಚ್ಚಿನೊಳಕ್ಕೆ ಒತ್ತಡದಿಂದ ತಳ್ಳುವ ಯಂತ್ರ ಅದಕ್ಕಾಗಿ ಬಂದಿತ್ತು. ಆ ಯಂತ್ರ ನೋಡಿಯೇ 1949ರಲ್ಲಿ ಫರ್ಗ್ಯುಸನ್ ಟ್ರ್ಯಾಕ್ಟರ್ ಕಂಪನಿ ತನ್ನ ಮಾರಾಟಗಾರರ ಕೈಗೆ ಕೊಡಲು ಒಂದು ಪುಟ್ಟ ಟ್ರ್ಯಾಕ್ಟರ್ ಮಾಡಿಕೊಡಿ ಎಂದು ಕೇಳಿತು. ಅಚ್ಚಿನಿಂದ ಭಾಗಗಳು ಪಟಪಟನೆ ಬರುತ್ತಿದ್ದವು. ಅವನ್ನು ಒಂದೊಂದಾಗಿ ಜೋಡಿಸುವುದಕ್ಕೆ ಮಾತ್ರ ಆಳು ಬೇಕಿತ್ತು, ಕೂಲಿ ಬೇಕಿತ್ತು. ಮುಂದೆ ಅದೇ ಟ್ರ್ಯಾಕ್ಟರನ್ನು ಬಿಡಿ ಭಾಗಗಳಾಗಿಯೇ ವೂಲ್‌ವರ್ತ್ಸ್ ಅಂಗಡಿಗಳಲ್ಲಿ ಮಾರಿದರು. ಖರ್ಚು ತಗ್ಗಿತು, ಮಾರಾಟ ಏರಿತು.

ಈ ಹವ್ಯಾಸದ ಇತಿಹಾಸದಲ್ಲಿ ನನಗೆ ಎಲ್ಲಕ್ಕಿಂತ ಮುಖ್ಯವೆನಿಸುವ ಗಳಿಗೆ ಇದು. ಕಾರ್ಖಾನೆಗೆ ಹೊರೆಯಾಗಿದ್ದ ಜೋಡಣೆಯ ಹೊತ್ತನ್ನು ಕೊಳ್ಳುವವರು ದುಡ್ಡು ಕೊಟ್ಟು ತಮ್ಮದಾಗಿಸಿಕೊಂಡರು. ಪೆಟ್ಟಿಗೆಯಲ್ಲಿ ಮಾರಿದ್ದು ಟ್ರ್ಯಾಕ್ಟರನ್ನಲ್ಲ, ಟ್ರ್ಯಾಕ್ಟರ್ ಮಾಡುವ ಸಂಜೆಯನ್ನು. 1952ರಲ್ಲಿ ಗೋಲ್ಡನ್ ಹೈಂಡ್ ಹಡಗಿನ ಕಿಟ್ ಪ್ಲಾಸ್ಟಿಕ್ ಚೀಲದಲ್ಲಿ ಎರಡು ಶಿಲ್ಲಿಂಗ್ ಬೆಲೆಗೆ ಬಂತು. ಅದರ ಹಿಂದೆಯೇ ಸ್ಪಿಟ್‌ಫೈರ್.

ಏರ್‌ಫಿಕ್ಸ್ ಮೊದಲಿನದೇನಲ್ಲ. 1936ರಲ್ಲೇ ಇಂಗ್ಲೆಂಡಿನ ಫ್ರಾಗ್ ಕಂಪನಿ ಪ್ಲಾಸ್ಟಿಕ್ ವಿಮಾನದ ಕಿಟ್‌ಗಳನ್ನು ಮಾರುಕಟ್ಟೆಗೆ ಬಿಟ್ಟಿತ್ತು. ಅದರ ಹಾರುವ ಮಾಡೆಲ್‌ಗಳು ಆಗಲೇ ಹೆಸರು ಮಾಡಿದ್ದರಿಂದ, ಹಾರದ ಈ ಸಾಲಿಗೆ ಹಾರದ ಹಕ್ಕಿಯಾದ ಪೆಂಗ್ವಿನ್ ಹೆಸರಿಟ್ಟಿತು. ಆಗಿನ ಪ್ಲಾಸ್ಟಿಕ್ಕು ಸೆಲ್ಯುಲೋಸ್ ಅಸಿಟೇಟ್. ಕಾಲ ಕಳೆದಂತೆ ಅದು ಸೊಟ್ಟಗಾಗುತ್ತದೆ; ಉಳಿದಿರುವ ಹಳೆಯ ಪೆಂಗ್ವಿನ್‌ಗಳ ರೆಕ್ಕೆಗಳು ಒಣಗಿದ ಎಲೆಯಂತೆ ಸುರುಟಿಕೊಂಡಿರುವುದು ಅದರಿಂದಲೇ. ಪೆಂಗ್ವಿನ್ ಬಳಸಿದ ಅಳತೆ 1/72. ಆರಡಿಯ ಆಳು ಒಂದು ಅಂಗುಲ ಆಗುವ ಅಳತೆ ಇದು, ಮನಸ್ಸಿನಲ್ಲೇ ಲೆಕ್ಕ ಹಾಕಲು ಸುಲಭ.

ಆ ಕಾಲದ ಉಳಿದ ಮಾಡೆಲ್‌ಗಳಲ್ಲಿ ಹೆಚ್ಚಿನವು ಮರದವು. ಮರದ ಕೆಲಸದಲ್ಲಿ ಹೊತ್ತನ್ನು ಉಳಿಸುವ ದಾರಿಯೇ ಇರಲಿಲ್ಲ. ಅಮೆರಿಕ ಯುದ್ಧಕ್ಕಿಳಿದ ಮೇಲೆ, 1942ರ ಜನವರಿಯಲ್ಲಿ ಅದರ ನೌಕಾಪಡೆ ಶಾಲೆಗಳಿಗೆ ಒಂದು ಮನವಿ ಮಾಡಿತು: ಐದು ಲಕ್ಷ ಮಾಡೆಲ್ ವಿಮಾನಗಳು ಬೇಕು. ತಮ್ಮವರ ವಿಮಾನ ಯಾವುದು, ವೈರಿಯದು ಯಾವುದು ಎಂದು ಆಕಾಶದಲ್ಲಿ ಕಂಡಕೂಡಲೇ ಹೇಳುವುದನ್ನು ಸೈನಿಕರಿಗೆ ಕಲಿಸಬೇಕಿತ್ತು. ಮಕ್ಕಳು ನಕಾಶೆಯ ಮೇಲೆ ಅಳತೆ ಹಿಡಿದು, ಮರದ ತುಂಡನ್ನು ಚಾಕುವಿನಿಂದ ಕೆತ್ತಿ, ಅಳತೆಪಟ್ಟಿ ಇಟ್ಟು ನೋಡಿ, ಕಪ್ಪು ಬಣ್ಣ ಬಳಿದು ಕಳಿಸಿದರು. ಅಳತೆ ಅದೇ 1/72. ಮೂವತ್ತೈದು ಅಡಿ ದೂರದಲ್ಲಿ ತೂಗುಹಾಕಿದ ಮಾಡೆಲ್ ಹೆಚ್ಚುಕಡಿಮೆ ಅರ್ಧ ಮೈಲಿ ದೂರದ ನಿಜವಾದ ವಿಮಾನದಷ್ಟೇ ಕಾಣುತ್ತದೆ. ತರಗತಿಯ ಕೋಣೆಯೊಳಗೆ ಅರ್ಧ ಮೈಲಿಯ ಆಕಾಶ ಹಿಡಿಸಿದ್ದು ಹಾಗೆ.

ಅದಕ್ಕೂ ಹಿಂದೆ, ನೆಪೋಲಿಯನ್ನನ ಯುದ್ಧಗಳಲ್ಲಿ ಸೆರೆಸಿಕ್ಕು ಇಂಗ್ಲೆಂಡಿನ ನಾರ್ಮನ್ ಕ್ರಾಸ್ ಶಿಬಿರದಲ್ಲಿದ್ದ ಕೈದಿಗಳು, ಊಟದ ಮಾಂಸದಲ್ಲಿ ಉಳಿದ ಎಲುಬನ್ನು ಬೇಯಿಸಿ, ಬಿಳುಪು ಮಾಡಿ, ಕೆತ್ತಿ ಯುದ್ಧನೌಕೆಗಳನ್ನು ಮಾಡಿದರು. ಹಗ್ಗ, ಫಿರಂಗಿ, ಏಣಿ, ಎಲ್ಲವೂ ಅವುಗಳಲ್ಲಿವೆ. ಅವರಲ್ಲಿ ಬಿಡುಗಡೆ ಯಾವಾಗಲೆಂದು ಗೊತ್ತಿದ್ದವರಿಲ್ಲ. ಹತ್ತಿರದ ಪೀಟರ್‌ಬರೋ ವಸ್ತುಸಂಗ್ರಹಾಲಯದಲ್ಲಿ ಅವರ ಕೈಕೆಲಸ ಈಗಲೂ ಇದೆ. ಗಂಟೆಗಳ ಲೆಕ್ಕ ಹಾಕುವವರು ಅದರ ಚಿತ್ರವನ್ನಾದರೂ ಒಮ್ಮೆ ನೋಡಬೇಕು.

ಪ್ಲಾಸ್ಟಿಕ್ಕು ಬಂದದ್ದರಿಂದ ಕೆತ್ತುವ ಕೆಲಸ ತಪ್ಪಿತು. ಐವತ್ತರ ದಶಕದ ಹುಡುಗ ಶನಿವಾರ ಬೆಳಿಗ್ಗೆ ಕಿಟ್ ಕೊಂಡು ಸಂಜೆಗೆ ವಿಮಾನವನ್ನು ಸೂರಿಗೆ ತೂಗುಹಾಕುತ್ತಿದ್ದ. ಹಾಗಾದರೆ ಆ ಒಂದು ಮಧ್ಯಾಹ್ನ ಈಗ ನನ್ನ ಮೂವತ್ತೆಂಟು ಗಂಟೆ ಆದದ್ದು ಹೇಗೆ?

ಅರ್ಧ ಉತ್ತರ ಜಪಾನಿನಲ್ಲಿದೆ. ಮರಗೆಲಸಕ್ಕೆ ಹೆಸರಾದ ಶಿಜುವೊಕ ಊರಿನಲ್ಲಿ 1946ರಲ್ಲಿ ಮರ ಕೊಯ್ಯುವ ಕಾರ್ಖಾನೆಯಾಗಿ ಶುರುವಾದದ್ದು ತಮಿಯಾ. ಮರದ ಹಡಗು ಮಾಡೆಲ್‌ಗಳನ್ನು ಮಾಡಿ ಮಾರುತ್ತಿದ್ದವರಿಗೆ ಅಮೆರಿಕದ ಪ್ಲಾಸ್ಟಿಕ್ ಕಿಟ್‌ಗಳು ಬಂದು ವ್ಯಾಪಾರ ಕೈತಪ್ಪಿತು. 1960ರಲ್ಲಿ ತಮಿಯಾ ತಾನೂ ಪ್ಲಾಸ್ಟಿಕ್ಕಿಗೆ ಇಳಿದು ಯಮಾಟೊ ಯುದ್ಧನೌಕೆ ಮಾಡಿತು, ಅದು ಸೋತಿತು. ಮರುವರ್ಷ ಬಂದದ್ದು ಜರ್ಮನಿಯ ಪ್ಯಾಂಥರ್ ಟ್ಯಾಂಕ್. ಒಳಗೆ ಮೋಟಾರು, ಬ್ಯಾಟರಿ ಹಿಡಿಸುವಂತೆ ಅದರ ಗಾತ್ರವನ್ನು ಗೊತ್ತುಮಾಡಿದರು. ಅಳೆದಾಗ ಅದು 1/35 ಆಗಿತ್ತು. ಬ್ಯಾಟರಿಗಾಗಿ ಹುಟ್ಟಿದ ಆ ಅಳತೆಯೇ ಇವತ್ತು ಇಡೀ ಜಗತ್ತಿನ ಟ್ಯಾಂಕ್ ಮಾಡೆಲ್‌ಗಳ ಮುಖ್ಯ ಅಳತೆ.

ಮಾಲೀಕರ ಮಗ ಶುನ್‌ಸಾಕು ತಮಿಯಾ ಕೊನೆಯವರೆಗೂ ಈ ಲೋಕದ ಹಿರಿಯರಾಗಿದ್ದರು. 2025ರಲ್ಲಿ ತೊಂಬತ್ತನೆಯ ವಯಸ್ಸಿನಲ್ಲಿ ತೀರಿಕೊಂಡರು. ಟ್ಯಾಂಕ್‌ಗಳನ್ನು ಕಣ್ಣಾರೆ ನೋಡಿ ಅಳೆಯಲು ಅಮೆರಿಕದ ಅಬರ್ಡೀನ್‌ನ ಸೇನಾ ಸಂಗ್ರಹಾಲಯಕ್ಕೆ ಹೋದವರು ಅವರು. ಪೋರ್ಷೆ ಕಾರಿನ ಮಾಡೆಲ್ ಮಾಡುವಾಗ ನಿಜವಾದ ಪೋರ್ಷೆ 911 ಒಂದನ್ನು ಕೊಂಡು, ಭಾಗ ಭಾಗವಾಗಿ ಬಿಚ್ಚಿಸಿ ನೋಡಿದರು. ಆ ಶ್ರದ್ಧೆಯ ಫಲ ಪೆಟ್ಟಿಗೆ ಬಿಚ್ಚಿದವರ ಕೈಗೆ ಸಿಕ್ಕಿತು. ತಮಿಯಾ ಕಿಟ್‌ನ ಭಾಗಗಳು ಪುಟ್ಟಿಯ ಹಂಗಿಲ್ಲದೆ ಒಂದಕ್ಕೊಂದು ಕೂರುತ್ತವೆ. ಉಜ್ಜುವ ಗಂಟೆಗಳು ಮತ್ತೆ ಇಳಿದವು.

ಹಾಗೆ ಉಳಿತಾಯವಾದ ಗಂಟೆಗಳು ಮನೆಗೆಲಸಕ್ಕೋ ನಿದ್ದೆಗೋ ಹೋಗಲಿಲ್ಲ. ಎಪ್ಪತ್ತರ ದಶಕದಲ್ಲಿ ಅಮೆರಿಕದ ಶೆಪರ್ಡ್ ಪೇನ್ ಮೊನೊಗ್ರಾಮ್ ಕಂಪನಿಯ ಕಿಟ್‌ಗಳಿಗಾಗಿ ಕೆಲವು ದೃಶ್ಯಗಳನ್ನು ಕಟ್ಟಿದರು. ಅವುಗಳ ಚಿತ್ರವೂ ಮಾಡುವ ಬಗೆಯೂ ಇದ್ದ ಹಾಳೆ ಪೆಟ್ಟಿಗೆಯೊಳಗೇ ಇರುತ್ತಿತ್ತು. ವಿಮಾನ ಒಂದೇ ನಿಂತಿರುವುದಿಲ್ಲ. ಅದರ ಸುತ್ತ ನೆಲವಿದೆ, ಕೆಲಸ ಮಾಡುವ ಆಳುಗಳಿದ್ದಾರೆ, ಏನೋ ನಡೆದಿದೆ. ಮಾಡೆಲ್ ಎಂದರೆ ಕಥೆ ಹೇಳುವುದು ಎಂದು ಆ ಹಾಳೆಯಿಂದ ಒಂದು ಪೀಳಿಗೆ ಕಲಿಯಿತು. ಕಿಟ್ ಮುಗಿದ ಜಾಗದಲ್ಲಿ ಕೆಲಸ ಶುರುವಾಗತೊಡಗಿತು. ಕುಂಚದ ಜಾಗಕ್ಕೆ ಗಾಳಿಯಿಂದ ಬಣ್ಣ ಸಿಂಪಡಿಸುವ ಏರ್‌ಬ್ರಷ್ ಬಂತು. 1989ರಲ್ಲಿ ಶುರುವಾದ ಝೆಕ್ ದೇಶದ ಎಡ್ವಾರ್ಡ್ ಕಂಪನಿ ಕಾಗದದಷ್ಟು ತೆಳುವಾದ ಹಿತ್ತಾಳೆಯ ಭಾಗಗಳಿಗೆ ಹೆಸರಾಯಿತು. ಅಕ್ಕಿಕಾಳಿನ ಗಾತ್ರದ ಸೀಟಿಗೆ ಕಟ್ಟುವ ಬೆಲ್ಟು, ಅದರ ಕೊಂಡಿ, ಚಿಮುಟದಲ್ಲಿ ಹಿಡಿದು ಬಾಗಿಸಿ ಕೂರಿಸುವಂಥವು. ಒಂದು ಬೆಲ್ಟು ಕೂರಿಸಲು ನನಗೆ ಮುಕ್ಕಾಲು ಗಂಟೆ ಹಿಡಿದಿದೆ.

ಯಾಕೆ ಇಷ್ಟು? ಇದಕ್ಕೆ ಹುಚ್ಚು ಎನ್ನುವವರಿಗೆ ನಾನು ಒಂದು ಗುಣಾಕಾರ ತೋರಿಸುತ್ತೇನೆ. ನಿಜವಾದ ವಿಮಾನವನ್ನು ಎಪ್ಪತ್ತೆರಡರಿಂದ ಭಾಗಿಸಿದಾಗ ನಮ್ಮ ತಪ್ಪುಗಳು ಎಪ್ಪತ್ತೆರಡರಿಂದ ಗುಣವಾಗುತ್ತವೆ. ಒಡಲಿನ ಸಂದಿನಲ್ಲಿ ಬಿಟ್ಟ ಅರ್ಧ ಮಿಲಿಮೀಟರ್ ಬಿರುಕು ನಿಜವಾದ ವಿಮಾನದಲ್ಲಿ ಮೂರೂವರೆ ಸೆಂಟಿಮೀಟರಿಗಿಂತ ಹೆಚ್ಚು. ಎರಡು ಬೆರಳು ತೂರಿಸಬಹುದು. ಒಂದು ಮಿಲಿಮೀಟರಿನ ಹತ್ತನೇ ಒಂದು ಭಾಗ ದಪ್ಪ ಬಳಿದ ಬಣ್ಣ, ಏಳು ಮಿಲಿಮೀಟರ್ ಗಿಲಾವು ಹಚ್ಚಿದ ಹಾಗೆ. ಇದನ್ನು ಕಣ್ಣು ಲೆಕ್ಕವಿಲ್ಲದೆಯೇ ಹಿಡಿದುಬಿಡುತ್ತದೆ. ಯಾಕೋ ಇದು ಆಟಿಕೆ ಥರ ಕಾಣುತ್ತಿದೆ ಎನ್ನಿಸುವುದು ಆಗಲೇ. ನನ್ನ ಒಂಬತ್ತು ಗಂಟೆ ಹೋದದ್ದು ಆ ಮೂರೂವರೆ ಸೆಂಟಿಮೀಟರ್ ಮುಚ್ಚಲು.

ಇದರಲ್ಲಿ ದಾರಿ ತಪ್ಪುವುದೂ ಉಂಟು. ಇನ್ನಷ್ಟು ಸರಿಮಾಡುತ್ತೇನೆ ಎನ್ನುತ್ತ ಯಾವ ಮಾಡೆಲನ್ನೂ ಮುಗಿಸದವರಿದ್ದಾರೆ. ಅದಕ್ಕೆ ಈ ಬಳಗದವರೇ ಕಾಯಿಲೆಯ ಹೆಸರಿಟ್ಟಿದ್ದಾರೆ, ಅಡ್ವಾನ್ಸ್‌ಡ್ ಮಾಡೆಲರ್ಸ್ ಸಿಂಡ್ರೋಮ್. ಬದುಕಿರುವಷ್ಟು ಕಾಲ ಮಾಡಿದರೂ ಮುಗಿಯದಷ್ಟು ಕಿಟ್‌ಗಳನ್ನು ಕಪಾಟಿನಲ್ಲಿ ಪೇರಿಸಿದವರೂ ಇದ್ದಾರೆ. ಏರ್‌ಫಿಕ್ಸ್ 2009ರಲ್ಲಿ 1/24 ಅಳತೆಯ ಮಾಸ್ಕಿಟೊ ವಿಮಾನವನ್ನು 600ಕ್ಕೂ ಹೆಚ್ಚು ಭಾಗಗಳಲ್ಲಿ ತಂದಾಗ ಅದನ್ನು ಕೊಂಡವರೆಲ್ಲ ಮುಗಿಸಿರುತ್ತಾರೆಂದು ನನಗೆ ಅನ್ನಿಸುವುದಿಲ್ಲ.

ಹೊತ್ತನ್ನು ಉಳಿಸುವ ಕೆಲಸವನ್ನು ಎಲ್ಲರಿಗಿಂತ ಮುಂದಕ್ಕೆ ಒಯ್ದದ್ದು ಜಪಾನಿನ ಬಂಡಾಯ್ ಕಂಪನಿ. 1980ರ ಜುಲೈನಲ್ಲಿ ಗುಂಡಮ್ ಎಂಬ ಟಿ.ವಿ. ಸರಣಿಯ ಯಂತ್ರಮಾನವನ ಕಿಟ್ಟನ್ನು 300 ಯೆನ್‌ಗೆ ಬಿಟ್ಟ ಕಂಪನಿ, ಮುಂದೆ ಅಂಟೇ ಬೇಡದ, ಒತ್ತಿದರೆ ಕೂರುವ, ಒಂದೇ ಚೌಕಟ್ಟಿನಲ್ಲಿ ನಾಲ್ಕು ಬಣ್ಣದ ಪ್ಲಾಸ್ಟಿಕ್ಕು ಬರುವ ಮಟ್ಟಕ್ಕೆ ಹೋಯಿತು. ಬಣ್ಣ ಬೇಡ, ಉಜ್ಜುವುದು ಬೇಡ. ಆದರೂ ಗುಂಡಮ್ ಪ್ರದರ್ಶನಗಳಲ್ಲಿ ಮೇಜಿನ ಮೇಲೆ ನಿಲ್ಲುವವು ಉಜ್ಜಿದವು, ಹೊಸ ಗೆರೆ ಕೊರೆದವು, ಮತ್ತೆ ಬಣ್ಣ ಬಳಿದವು. ಕಾರ್ಖಾನೆ ಎಷ್ಟು ಗಂಟೆ ಕಿತ್ತುಕೊಂಡರೂ ಹವ್ಯಾಸಿಗಳು ಅಷ್ಟನ್ನೂ ಬೇರೆ ಕಡೆಯಿಂದ ತಂದು ತುಂಬಿದ್ದಾರೆ.

ಬೆಂಗಳೂರಿಗೂ ಈ ಹವ್ಯಾಸಕ್ಕೂ ಒಂದು ನಂಟಿದೆ. ಮಾಡೆಲ್ ಮಾಡುವವರು ಮತ್ತೆ ಮತ್ತೆ ಕೈಗೆತ್ತಿಕೊಳ್ಳುವ ವಿಮಾನಗಳಲ್ಲಿ ಜರ್ಮನಿಯ ಫೋಕ್-ವುಲ್ಫ್ 190 ಒಂದು. ಅದನ್ನು ರೂಪಿಸಿದ ಕುರ್ಟ್ ಟ್ಯಾಂಕ್ 1956ರಲ್ಲಿ ಬೆಂಗಳೂರಿನ ವಿಮಾನ ಕಾರ್ಖಾನೆ ಎಚ್‌ಎಎಲ್‌ಗೆ ಬಂದು ಎಚ್‌ಎಫ್-24 ಮರುತ್ ಯುದ್ಧವಿಮಾನವನ್ನು ರೂಪಿಸಿದರು. 1961ರ ಜೂನ್ 17ರಂದು ಅದು ಮೊದಲ ಬಾರಿ ಹಾರಿತು. ಅದಕ್ಕೂ ಮುಂಚೆ 1959ರಲ್ಲಿ ಎಂಜಿನ್ ಇಲ್ಲದ, ಮರದ, ಪೂರ್ಣ ಗಾತ್ರದ ಮರುತ್ ಒಂದನ್ನು ಮಾಡಿ, ಡಕೋಟ ವಿಮಾನದಿಂದ ಎಳೆಸಿ ಹಾರಿಸಿ ನೋಡಿದ್ದರು. ಒಂದಕ್ಕೆ ಒಂದು ಅಳತೆಯ ಮಾಡೆಲ್ ಎಂದರೆ ಅದೇ. ಫೋಕ್-ವುಲ್ಫ್ ಕಿಟ್‌ಗಳು ರಾಶಿ ರಾಶಿ ಇವೆ. ಏರ್‌ಫಿಕ್ಸ್, ತಮಿಯಾ ಇವತ್ತಿನವರೆಗೂ ಮರುತ್ ಮಾಡಿಲ್ಲ. ಎಚ್‌ಎಎಲ್ ಪಾರಂಪರಿಕ ಕೇಂದ್ರದ ಅಂಗಳದಲ್ಲಿ ನಿಜವಾದದ್ದೇ ನಿಂತಿದೆ. ನನ್ನ ಮುಂದಿನ ಕೆಲಸ ಅದು. ಸೊನ್ನೆಯಿಂದ ಶುರುಮಾಡಿ, ಪ್ಲಾಸ್ಟಿಕ್ ಹಾಳೆ ಕತ್ತರಿಸಿ ಮಾಡಬೇಕು. ಎರಡು ಭಾನುವಾರ ಬರೀ ಚಿತ್ರ ತೆಗೆಯುವುದಕ್ಕೇ ಹೋಗಿದೆ.

ಅಣ್ಣನ ಮಗಳಿಗೆ ಪುಟ್ಟದೊಂದು ಕಿಟ್ ತಂದುಕೊಟ್ಟಿದ್ದೇನೆ. ನೀವೂ ಮನೆಯ ಮಕ್ಕಳಿಗೆ ಕೊಡಿಸುವುದಾದರೆ 1/72ರದ್ದು, ಕಡಿಮೆ ಭಾಗಗಳದ್ದು ಕೊಡಿಸಿ. ಅಂಟು ಬಳಸುವಾಗ ಕಿಟಕಿ ತೆರೆದಿರಲಿ, ಪಕ್ಕದಲ್ಲಿ ದೊಡ್ಡವರಿರಲಿ. ಬಣ್ಣ ಬಳಿದ ಮೇಲೆ ಮಾರನೆಯ ದಿನದವರೆಗೆ ಮುಟ್ಟಬಾರದು ಎಂದು ಹೇಳಿ, ಮೇಲೊಂದು ಡಬ್ಬಿ ಕವುಚಿಡಿ.