ದಂಡನೆಯೊಂದೇ ಸಾಲದು

ಮದ್ಯಪಾನ ಮಾಡಿ ಮೋಟಾರು ನಡೆಸುವವನು ತನಗೂ ಪರರಿಗೂ ಮೃತ್ಯುಪ್ರಾಯನೆಂಬುದು ನಿರ್ವಿವಾದವು. ಅವನನ್ನು ದಂಡಿಸಬೇಕೆಂಬುದರಲ್ಲಿಯೂ ಭಿನ್ನಾಭಿಪ್ರಾಯವಿಲ್ಲ. ಆದರೆ ದಂಡನೆಯೊಂದರಿಂದಲೇ ಈ ಪಿಡುಗು ತೊಲಗುವುದೇ? ಆಸ್ಟ್ರೇಲಿಯದ ದೂರ ಸೀಮೆಗಳಲ್ಲಿರುವ ಮೂಲನಿವಾಸಿಗಳ ಸ್ಥಿತಿಯನ್ನು ಪರ್ಯಾಲೋಚಿಸಿದರೆ ಇಲ್ಲವೆಂದೇ ಹೇಳಬೇಕಾಗುವುದು.

ಅಲ್ಲಿಯ ಕಾಯಿದೆಯು ಸ್ಪಷ್ಟವಾಗಿದೆ. ನೂರು ಮಿಲಿಲೀಟರು ರಕ್ತದಲ್ಲಿ ಮದ್ಯಸಾರವು 0.05 ಗ್ರಾಮನ್ನು ಮುಟ್ಟಿದರೆ ಸಾಮಾನ್ಯ ಲೈಸೆನ್ಸುದಾರನು ಅಪರಾಧಿಯಾಗುವನು. ಹಾದಿಯಲ್ಲಿ ತಡೆದು ಉಸಿರನ್ನು ಪರೀಕ್ಷಿಸುವ ಕ್ರಮವು ವಿಕ್ಟೋರಿಯದಲ್ಲಿ 1976ರಲ್ಲಿಯೂ ನ್ಯೂ ಸೌತ್ ವೇಲ್ಸಿನಲ್ಲಿ 1982ರಲ್ಲಿಯೂ ಆರಂಭವಾಯಿತು. ಜನನಿಬಿಡ ನಗರಗಳಲ್ಲಿ ಅದು ಸತ್ಫಲವನ್ನು ಕೊಟ್ಟಿತು. ಆದರೆ ಕೇಪ್ ಯಾರ್ಕ್, ಕಿಂಬರ್ಲಿ ಮೊದಲಾದ ಸೀಮೆಗಳಲ್ಲಿ ಊರಿಂದೂರಿಗೆ ನೂರಾರು ಮೈಲಿ. ಬಸ್ಸು ಬಾಡಿಗೆ ವಾಹನಗಳು ವಿರಳ. ಲೈಸೆನ್ಸು ಕೊಡುವ ಕಚೇರಿಯೂ ದೂರ. ಹಿರಿಯರೋ ನೆಂಟರೋ 'ಮನೆಗೆ ಮುಟ್ಟಿಸು' ಎಂದರೆ ಒಲ್ಲೆನೆನ್ನುವುದು ಬಂಧುಧರ್ಮಕ್ಕೆ ದ್ರೋಹವೆಂಬ ಭಾವನೆಯು ಅಲ್ಲಿ ಬಲವಾಗಿದೆ. ಕ್ವೀನ್ಸ್‌ಲೆಂಡಿನ ಸರಕಾರವು 2002ರಿಂದೀಚೆಗೆ ಹಲವು ಗ್ರಾಮಗಳಲ್ಲಿ ಮದ್ಯವನ್ನು ನಿರ್ಬಂಧಿಸಿತು. ಆದರೆ ಕುಡಿಯಲೇಬೇಕೆಂಬವನು ಗಡಿಯಾಚೆ ಹೋಗಿ ಕುಡಿದು, ಕತ್ತಲಲ್ಲಿ ಮರಳುವ ಅಪಾಯವನ್ನು ನಿರ್ಬಂಧವೊಂದೇ ತಪ್ಪಿಸಲಾರದು.

ಹಾಗಾದರೆ ಮಾರ್ಗವೇನು? ಅದನ್ನು ಆ ಜನರೇ ತೋರಿಸಿದ್ದಾರೆ. ಟೆನೆಂಟ್ ಕ್ರೀಕಿನಲ್ಲಿ 1980ರ ದಶಕದಲ್ಲಿ ಜೂಲಾಲಿಕಾರಿ ಮಂಡಲಿಯವರು ರಾತ್ರಿ ಗಸ್ತನ್ನು ಏರ್ಪಡಿಸಿ, ಕುಡಿದವರನ್ನು ಸುರಕ್ಷಿತ ಸ್ಥಳಕ್ಕೆ ತಲುಪಿಸತೊಡಗಿದರು. ಫಿಟ್ಜ್‌ರಾಯ್ ಕ್ರಾಸಿಂಗಿನಲ್ಲಿ 2007ರಲ್ಲಿ ಮೂಲನಿವಾಸಿ ಸ್ತ್ರೀಯರೇ ಮುಂದಾಗಿ ಕೇಳಿಕೊಂಡದ್ದರಿಂದ, ತೀಕ್ಷ್ಣ ಮದ್ಯವನ್ನು ಹೊರಗೆ ಒಯ್ಯಲು ಮಾರುವುದು ನಿಂತಿತು. ಮೂಲನಿವಾಸಿಗಳ ಬಂಧನಮರಣಗಳನ್ನು ವಿಚಾರಿಸಿದ ರಾಯಲ್ ಕಮಿಷನ್ ಸಹ, ವಾಹನಾಪರಾಧಗಳಿಂದ ಅವರು ಹೆಚ್ಚಾಗಿ ಸೆರೆಮನೆ ಸೇರುವಲ್ಲಿ ಅದರ ಕಾರಣಗಳನ್ನು ಶೋಧಿಸಿ, ಅವರ ಸಂಸ್ಥೆಗಳೊಡನೆ ಕೂಡಿ ಪರಿಹಾರವನ್ನು ಯೋಜಿಸಬೇಕೆಂದು 1991ರಲ್ಲಿಯೇ ಸೂಚಿಸಿತು.

ಲೈಸೆನ್ಸನ್ನು ಕಿತ್ತುಕೊಂಡ ಮಾತ್ರಕ್ಕೆ ಊರಿನ ದೂರವು ಕಡಮೆಯಾಗದು. ಲೈಸೆನ್ಸಿಲ್ಲದೆ ಮತ್ತೆ ವಾಹನ ನಡೆಸಿದವನಿಗೆ ಎರಡನೆಯ ಅಪರಾಧವು ಸೇರುವುದು, ಕಡೆಗೆ ಸೆರೆಮನೆ. ಅವನ ಸಂಪಾದನೆಯೂ ಹೋಗಿ ಸಂಸಾರವು ಬೀದಿಪಾಲಾಗುವುದು. ಆದುದರಿಂದ ಕುಡಿಯದ ಸಾರಥಿಯೊಬ್ಬನು, ಊರವರದೇ ಗಸ್ತು, ಊರಿಗೇ ಬಂದು ಲೈಸೆನ್ಸು ಕೊಡುವ ಅಧಿಕಾರಿ, 'ಒಲ್ಲೆ' ಎಂದ ತರುಣನ ಬೆನ್ನಿಗೆ ನಿಲ್ಲುವ ಹಿರಿಯರು, ಇವು ಕಾಯಿದೆಯ ಜೊತೆಗೂಡಬೇಕು. ಜನರನ್ನು ಆರೋಪಿಗಳ ಸಾಲಿನಲ್ಲಿ ಮಾತ್ರ ನಿಲ್ಲಿಸದೆ ಆಲೋಚನೆಯ ಸಭೆಯಲ್ಲಿಯೂ ಕುಳ್ಳಿರಿಸುವ ಸರಕಾರವೇ ಅವರ ಪ್ರಾಣವನ್ನು ಕಾಯಬಲ್ಲದು.