ರೆಕಾರ್ಡ್ ರೂಮಿನಲ್ಲಿ ಕಲಿಯುವುದೇನು?

“ಡಾಕ್ಟರೂ ಅಲ್ಲ, ನರ್ಸೂ ಅಲ್ಲ. ಫೈಲು ಜೋಡಿಸೋದಕ್ಕೆ ಇಂಟರ್ನ್‌ಶಿಪ್ ಬೇರೆ ಬೇಕಾ?” ಸರ್ಕಾರಿ ಆಸ್ಪತ್ರೆಯ ವೈದ್ಯಕೀಯ ದಾಖಲೆ ವಿಭಾಗಕ್ಕೆ ತರಬೇತಿಗೆ ಹೊರಟ ಮಕ್ಕಳು ಈ ಮಾತನ್ನು ಮೊದಲು ಮನೆಯಲ್ಲೇ ಕೇಳುತ್ತಾರೆ. ಇದಕ್ಕೆ ಒಂದೇ ಒಂದು ಫೈಲನ್ನು ಬಿಚ್ಚಿ ಉತ್ತರ ಹೇಳಬಹುದು.

ಶಿರಸಿ ಕಡೆಯ ಒಬ್ಬ ಕೊನೆಗಾರ ಅಡಿಕೆ ಮರದಿಂದ ಬಿದ್ದು, ತೊಡೆಮೂಳೆ ಮುರಿದುಕೊಂಡು ಆಸ್ಪತ್ರೆ ಸೇರಿದ ಎಂದುಕೊಳ್ಳಿ. ಅವನು ಡಿಸ್ಚಾರ್ಜ್ ಆದ ಮೇಲೆ ಕೇಸ್ ಶೀಟ್ ರೆಕಾರ್ಡ್ ರೂಮಿಗೆ ಬರುತ್ತದೆ. ಇಂಟರ್ನ್ ಹಾಳೆ ಹಾಳೆ ತಿರುವಿ ನೋಡಬೇಕು. ಒಪ್ಪಿಗೆ ಪತ್ರದಲ್ಲಿ ಹೆಬ್ಬೆಟ್ಟು ಇದೆ, ಸಾಕ್ಷಿಯ ಸಹಿ ಇಲ್ಲ. ಫೈಲು ವಾರ್ಡಿಗೆ ವಾಪಸ್. ಆಮೇಲೆ ಕೋಡ್ ಹಾಕುವ ಕೆಲಸ. ತೊಡೆಮೂಳೆಯ ಕತ್ತು ಮುರಿದಿದ್ದರೆ ಐಸಿಡಿ-10ರಲ್ಲಿ ಅದು ಎಸ್ 72.0. ಅಲ್ಲಿಗೆ ಅರ್ಧ ಕೆಲಸವಷ್ಟೇ ಆಯಿತು. ಬಿದ್ದದ್ದು ಎಲ್ಲಿಂದ? ಮರದಿಂದ ಬಿದ್ದವರಿಗೆ ಡಬ್ಲ್ಯು 14 ಎಂಬ ಬೇರೆಯೇ ಕೋಡ್ ಇದೆ. ಕೇಸ್ ಶೀಟಿನಲ್ಲಿ ಬರೀ “ಬಿದ್ದು ಪೆಟ್ಟಾಗಿದೆ” ಎಂದಿದ್ದರೆ ಊಹಿಸಿ ಬರೆಯುವಂತಿಲ್ಲ, ಹೋಗಿ ಕೇಳಬೇಕು. ಕೇಳದೆ ಬಿಟ್ಟರೆ ವರ್ಷದ ಲೆಕ್ಕದಲ್ಲಿ ಬಚ್ಚಲಲ್ಲಿ ಜಾರಿದವರೂ ಅಡಿಕೆ ಮರದಿಂದ ಬಿದ್ದವರೂ ಒಂದೇ ರಾಶಿಗೆ ಸೇರಿಬಿಡುತ್ತಾರೆ. ಹಾಗಾದರೆ ಕೊನೆಗಾರರ ಸುರಕ್ಷತೆಗೆ ಹಣ ಬೇಕೆಂದು ಯಾರು, ಏನನ್ನು ತೋರಿಸಿ ಕೇಳಬೇಕು?

ಕೋಡಿಂಗ್ ಎಂದಕೂಡಲೇ ಸಾಫ್ಟ್‌ವೇರ್ ಬರೆಯುವುದು ಎಂದುಕೊಂಡು ವೈದ್ಯಕೀಯ ದಾಖಲೆಯ ಕೋರ್ಸಿಗೆ ಸೇರುವವರೂ ಇದ್ದಾರೆ. ಐಸಿಡಿ ಎಂಬುದು ವಿಶ್ವ ಆರೋಗ್ಯ ಸಂಸ್ಥೆಯ ರೋಗ ವರ್ಗೀಕರಣ. ಹತ್ತನೆಯ ಆವೃತ್ತಿಗೆ 1990ರಲ್ಲಿ ಒಪ್ಪಿಗೆ ಸಿಕ್ಕಿತು, ಹನ್ನೊಂದನೆಯದು 2022ರ ಜನವರಿಯಿಂದ ಜಾರಿಗೆ ಬಂದಿದೆ. ಇಲ್ಲಿ ಬೇಕಾದದ್ದು ಅಂಗರಚನೆಯ ತಿಳಿವಳಿಕೆ, ವೈದ್ಯರ ಅವಸರದ ಕೈಬರಹ ಓದುವ ತಾಳ್ಮೆ.

ಎಲ್ಲಕ್ಕಿಂತ ಆಳವಾಗಿ ಬೇರೂರಿದ ತಪ್ಪು ಸಾವಿನ ಕಾರಣದ್ದು. “ಹಾರ್ಟ್ ನಿಂತು ಹೋಯ್ತಂತೆ” ಎನ್ನುತ್ತೇವೆ. ಕೊನೆಗೆ ಎಲ್ಲರ ಹೃದಯವೂ ನಿಲ್ಲುತ್ತದೆ. ಅದು ಸಾವು ಬಂದ ಬಗೆಯೇ ಹೊರತು ಕಾರಣವಲ್ಲ. ಜನನ ಮರಣ ನೋಂದಣಿ ಕಾಯ್ದೆಯಡಿ ಆಸ್ಪತ್ರೆಯಲ್ಲಾದ ಸಾವಿಗೆ ವೈದ್ಯರು ತುಂಬುವ ನಮೂನೆ 4 ಈ ಎಚ್ಚರಿಕೆಯನ್ನು ತನ್ನಲ್ಲೇ ಹೊತ್ತಿದೆ. ಗದ್ದೆಯಲ್ಲಿ ಕೊಳಕುಮಂಡಲ ಕಚ್ಚಿ, ಮೂತ್ರಪಿಂಡ ಕೈಕೊಟ್ಟು ಒಬ್ಬಾಕೆ ತೀರಿಕೊಂಡಳು ಎನ್ನೋಣ. ಮೊದಲ ಸಾಲಿನಲ್ಲಿ ಮೂತ್ರಪಿಂಡ ವೈಫಲ್ಯ, ಅದರ ಕೆಳಗೆ ಅದಕ್ಕೆ ಮೂಲವಾದ ಹಾವಿನ ಕಡಿತ ಬರಬೇಕು. ಅಂಕಿಅಂಶಕ್ಕೆ ಹೋಗುವುದು ಆ ಮೂಲ ಕಾರಣ. ಮೇಲೆ “ಹೃದಯ ಸ್ತಂಭನ” ಎಂದು ಬರೆದು ಕೆಳಗಿನ ಸಾಲು ಖಾಲಿ ಬಿಟ್ಟರೆ ಹಾವಿನ ಲೆಕ್ಕದಿಂದ ಒಂದು ಜೀವ ತಪ್ಪಿಹೋಗುತ್ತದೆ. ಹಾವು ಕಡಿತವನ್ನು ಸರ್ಕಾರಕ್ಕೆ ವರದಿ ಮಾಡಲೇಬೇಕೆಂದು ಕರ್ನಾಟಕ 2024ರಲ್ಲಿ ಆದೇಶಿಸಿತು. ಇಷ್ಟು ತಡವಾದದ್ದಕ್ಕೆ ಇಂಥ ಖಾಲಿ ಸಾಲುಗಳ ಪಾಲೂ ಇದೆ ಎಂಬುದು ನನ್ನ ನಂಬಿಕೆ.

ಆ ಸಾಲನ್ನು ಇಂಟರ್ನ್ ತಾನೇ ತುಂಬುವ ಹಾಗಿಲ್ಲ. ನಮೂನೆ ಹಿಡಿದು, ಸಹಿ ಮಾಡಿದ ಡ್ಯೂಟಿ ಡಾಕ್ಟರ ಹತ್ತಿರ ಹೋಗಿ “ಸರ್, ಮೂಲ ಕಾರಣ ಬರೆದಿಲ್ಲ” ಎನ್ನಬೇಕು. ಇಪ್ಪತ್ತೊಂದು ವರ್ಷದ ಹುಡುಗಿಗೆ, ಓಪಿಡಿ ತುಂಬಿ ತುಳುಕುವ ಹೊತ್ತಿನಲ್ಲಿ, ಇದು ಸಲೀಸಾಗಿ ಬರುವ ಮಾತಲ್ಲ. ತರಬೇತಿಯಲ್ಲಿ ಕಲಿಯಬೇಕಾದದ್ದು ಮುಖ್ಯವಾಗಿ ಇದನ್ನೇ.

“ಎಲ್ಲ ಕಂಪ್ಯೂಟರ್‌ಗೆ ಹೋದ ಮೇಲೆ ಇವರೇಕೆ?” ಎಂದೂ ಕೇಳುತ್ತಾರೆ. ಗೌರಮ್ಮ ಒಮ್ಮೆ ಗೌರಮ್ಮನಾಗಿ, ಇನ್ನೊಮ್ಮೆ ಗೌರವ್ವಳಾಗಿ ನೋಂದಣಿಯಾದರೆ ಕಂಪ್ಯೂಟರ್ ಪಾಲಿಗೆ ಇಬ್ಬರು ರೋಗಿಗಳು. ಹದಿನಾಲ್ಕು ಅಂಕಿಯ ಆಭಾ (ಆಯುಷ್ಮಾನ್ ಭಾರತ್ ಆರೋಗ್ಯ ಖಾತೆ) ಸಂಖ್ಯೆ ಇದ್ದರೂ ಅದನ್ನು ಸರಿಯಾದ ಫೈಲಿಗೆ ಜೋಡಿಸುವವರು ಬೇಕೇ ಬೇಕು.

ಇಂಟರ್ನ್‌ಶಿಪ್ ಮುಗಿಸಿದರೆ ಸರ್ಕಾರಿ ಕೆಲಸ ಖಾತ್ರಿ ಎಂದು ಯಾರಾದರೂ ಹೇಳಿ ದುಡ್ಡು ಕೇಳಿದರೆ ಖಂಡಿತ ನಂಬಬೇಡಿ. ತರಬೇತಿ ಅರ್ಹತೆ ಕೊಡುತ್ತದೆ; ಹುದ್ದೆಗೆ ಅಧಿಸೂಚನೆ ಹೊರಡಬೇಕು, ಅರ್ಜಿ ಹಾಕಬೇಕು. ಆದರೆ ಇದು ಲೆಕ್ಕಕ್ಕಿಲ್ಲದ ವೃತ್ತಿ ಎಂಬುದೂ ಅಷ್ಟೇ ಸುಳ್ಳು. 2021ರ ರಾಷ್ಟ್ರೀಯ ಸಹಾಯಕ ಮತ್ತು ಆರೋಗ್ಯ ವೃತ್ತಿಗಳ ಆಯೋಗದ ಕಾಯ್ದೆ ಆರೋಗ್ಯ ಮಾಹಿತಿ ನಿರ್ವಹಣೆಯನ್ನು ತನ್ನ ವೃತ್ತಿಪಟ್ಟಿಯಲ್ಲಿ ಸೇರಿಸಿದೆ. ದೆಹಲಿಯ ಸಫ್ದರ್‌ಜಂಗ್ ಆಸ್ಪತ್ರೆ, ಪುದುಚೇರಿಯ ಜಿಪ್ಮರ್‌ನಂಥ ಕೇಂದ್ರ ಸರ್ಕಾರದ ಸಂಸ್ಥೆಗಳೇ ಈ ತರಬೇತಿ ನಡೆಸಿಕೊಂಡು ಬಂದಿವೆ.

ಇನ್ನು, ಹಳೇ ಫೈಲು ರದ್ದಿ ಎನ್ನುವವರು ರೆಕಾರ್ಡ್ ರೂಮಿನ ಕಿಟಕಿ ಹತ್ತಿರ ಒಂದು ಬೆಳಗ್ಗೆ ನಿಲ್ಲಬೇಕು. ವಿಮೆಗೆ, ಅಂಗವಿಕಲರ ಪ್ರಮಾಣಪತ್ರಕ್ಕೆ, ಕೋರ್ಟಿಗೆ ಎಂದು ಜನ ಬರುತ್ತಲೇ ಇರುತ್ತಾರೆ. ರೋಗಿ ಕೇಳಿದರೆ 72 ಗಂಟೆಯೊಳಗೆ ದಾಖಲೆ ಕೊಡಬೇಕೆಂದು ವೈದ್ಯಕೀಯ ಪರಿಷತ್ತಿನ 2002ರ ನಿಯಮ ಹೇಳುತ್ತದೆ. ಪಕ್ಕದ ಮನೆಯವರು ಬಂದು ಕೇಳಿದರೆ ಕೊಡುವಂತಿಲ್ಲ. ಅಜ್ಜಿಯೊಬ್ಬಳು ಸೆರಗಿನಲ್ಲಿ ಕಟ್ಟಿ ತಂದ ಡಿಸ್ಚಾರ್ಜ್ ಕಾರ್ಡಿನಲ್ಲಿ ಐಪಿ (ಒಳರೋಗಿ) ನಂಬರ್ ಮಳೆಗೆ ಅಳಿಸಿಹೋಗಿರುತ್ತದೆ. “ಯಾವಾಗ ಸೇರಿದ್ರಿ ಅಜ್ಜಿ?” “ಗೌರಿಹಬ್ಬದ ಮಾರನೇ ದಿನ ಕಣವ್ವಾ.” ಹುಡುಗಿ ಹಬ್ಬದ ತಾರೀಖು ನೋಡಿಕೊಂಡು, ಅಡ್ಮಿಷನ್ ರಿಜಿಸ್ಟರ್ ಕೆಳಗಿಳಿಸಿ, ಆ ದಿನದ ಹೆಸರುಗಳ ಮೇಲೆ ಬೆರಳಿಟ್ಟು ಓದತೊಡಗುತ್ತಾಳೆ.